ಮೊರಕ್ಕೂ ಮೀನಿಗೂ ಒಂದೇ ಬೆಳಕು

"ನಾನು ಆರಿಸಿದ ಅಕ್ಕ್ಯಾಗೆ ಕಲ್ಲು ಸಿಕ್ರೆ ತಂದು ನನ್ನ ಮಕಕ್ಕೆ ಹೊಡೀರಿ."

ಜಗಳೂರಿನಲ್ಲಿ ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಅಜ್ಜಿ ಈ ಮಾತನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಅಂಗಡಿಯವರಿಗೆ ಹೇಳುತ್ತಿದ್ದಳು, ಹೋಟೆಲಿನವರಿಗೆ ಹೇಳುತ್ತಿದ್ದಳು, ಯಾರೂ ಸಿಗದಿದ್ದರೆ ನಡುಮನೆಯ ಕಂಬಕ್ಕೆ ಹೇಳುತ್ತಿದ್ದಳು. ಕಿರಾಣಿ ಅಂಗಡಿಯಿಂದ ಅಕ್ಕಿ, ಬೇಳೆಯ ಮೂಟೆ ತರಿಸಿಕೊಂಡು ಕಲ್ಲು ಆರಿಸಿಕೊಡುವುದು ಅವಳ ಕಸುಬು. ಎಪ್ಪತ್ತರ ದಶಕದ ಅಕ್ಕಿ ಈಗಿನ ಅಕ್ಕಿಯಲ್ಲ. ಕಲ್ಲು ಕೊಂಡರೆ ಜೊತೆಗೆ ಒಂದಿಷ್ಟು ಅಕ್ಕಿಯೂ ಬರುತ್ತಿತ್ತು, ಅಷ್ಟೇ. ಗಂಡ ಸತ್ತ ಮೇಲೆ ಅವಳು ಯಾರ ಮುಂದೆಯೂ ಕೈ ಚಾಚದೆ ಬದುಕಿದ್ದು ಆ ಕಲ್ಲುಗಳಿಂದ.

ನಾನು ಹೊನ್ನಾಳಿಯವಳು. ಹೊಳೆಯಲ್ಲಿ ಬಟ್ಟೆ ಒಗೆದು, ಹೊಳೆಯಲ್ಲಿ ಈಜಿ, ಹೊಳೆ ನೋಡುತ್ತ ಪರೀಕ್ಷೆಗೆ ಓದಿ ಬೆಳೆದವಳು. ವಿಜ್ಞಾನದ ಟೀಚರಾಗಿ ಮೊದಲ ಕೆಲಸ ಸಿಕ್ಕಿದ್ದು ಜಗಳೂರಿನ ಹೈಸ್ಕೂಲಿನಲ್ಲಿ. ಅಲ್ಲಿ ನೀರು ಎನ್ನುವುದು ಕೊಡದಲ್ಲಿ ಇರುವ ಪದಾರ್ಥ. ಕೊಡದ ಹೊರಗೆ ನೀರು ಕಂಡರೆ ಯಾರೋ ಬೈಸಿಕೊಳ್ಳಬೇಕು ಎಂದರ್ಥ. ಮೊದಲ ಆರು ತಿಂಗಳು ನಾನು ಮನೆ ನೆನೆದು ಅಳಲಿಲ್ಲ, ಹೊಳೆ ನೆನೆದು ಅತ್ತೆ. ಅಮ್ಮನಿಗೆ ಇದನ್ನು ಹೇಳಿದಾಗ ಅವಳಿಗೆ ಬಹಳ ಬೇಜಾರಾಯಿತು.

ಹೊಳೆ ಬರುವುದಿಲ್ಲವಾದರೆ ತಂದಿಟ್ಟುಕೊಳ್ಳೋಣ ಎಂದು ಒಂದು ದಿನ ದಾವಣಗೆರೆಗೆ ಹೋಗಿ, ಕಬ್ಬಿಣದ ಕಿಟಕಿ ಮಾಡುವವನ ಹತ್ತಿರ ಎರಡಡಿ ಉದ್ದದ ಚೌಕಟ್ಟು ಮಾಡಿಸಿ, ಸುತ್ತ ಗಾಜು ಕೂರಿಸಿ ಪುಟ್ಟಿ ಹಾಕಿಸಿದೆ. ಅವನು ಎಲ್ಲ ಮುಗಿಸಿ, "ಇದಕ್ಕೆ ಬಾಗ್ಲು ಎಲ್ಲಿ ಬರ್ತೈತ್ರೀ?" ಎಂದು ಕೇಳಿದ. ಮೀನಿನ ತೊಟ್ಟಿ ಎಂದೆ. ಅವನು ದುಡ್ಡು ತೆಗೆದುಕೊಂಡು ಒಳಗೆ ಹೋದ.

ಬೇಸಿಗೆ ರಜೆ ಮುಗಿಸಿ ಬರುವಾಗ ಹೊನ್ನಾಳಿಯ ಹೊಳೆಯಿಂದ ಹೈಡ್ರಿಲ್ಲಾ ಗಿಡ, ರಿಬ್ಬನ್ನಿನಂಥ ಒಂದು ನೀರುಹುಲ್ಲು, ಐದು ನುಣುಪು ಕಲ್ಲು ತಂದೆ. ಚನ್ನಗಿರಿಯಲ್ಲಿದ್ದ ಸೋದರಮಾವ ಮಲೇರಿಯಾ ಇಲಾಖೆಯವನು. ಸೊಳ್ಳೆಮರಿ ತಿನ್ನಲೆಂದು ಬಾವಿಗಳಿಗೆ ಬಿಡುವ ಪುಟ್ಟ ಮೀನುಗಳಲ್ಲಿ ಒಂದು ಹಿಡಿಯಷ್ಟನ್ನು ಗಾಜಿನ ಬಾಟಲಿಗೆ ಹಾಕಿ, "ಇವಕ್ಕೆ ನೆಗಡಿ ಆಗದಂಗೆ ನೋಡ್ಕೊ" ಎಂದು ಗಂಭೀರವಾಗಿ ಹೇಳಿ ಕೊಟ್ಟ. ಬಸ್ಸಿನಲ್ಲಿ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪಕ್ಕದ ಹೆಂಗಸು ಯಾವ ಕಾಯಿಲೆಗೆ ಔಷಧಿ ಎಂದು ಕೇಳಿದಳು.

ಅಜ್ಜಿಯ ಅಪ್ಪಣೆ ಪಡೆಯುವುದು ಬಾಕಿಯಿತ್ತು.

"ನಮ್ಮನ್ಯಾಗೆ ಮೀನು ಬೇಯ್ಸಂಗಿಲ್ರೀ ಅಕ್ಕೋರೆ" ಎಂದಳು. ಆ ಕಡೆ ಹೆಣ್ಣು ಟೀಚರನ್ನು ಕರೆಯುವುದೇ ಹಾಗೆ, ಅಕ್ಕೋರು ಎಂದು.

"ಬೇಯ್ಸಾಕಲ್ಲಜ್ಜಿ, ನೋಡಾಕೆ."

"ನೋಡಾಕಾ? ದಿನಾ ನನ್ನ ನೋಡ್ತೀರಲ್ಲ, ಸಾಲ್ದೇನು?"

ಆಮೇಲೆ ಬಗ್ಗಿ ಬಾಟಲಿಯೊಳಗೆ ಇಣುಕಿ, "ಇಷ್ಟು ಸಣ್ಣವನ್ನ ತಿನ್ನಾಕೂ ಬರಂಗಿಲ್ಲ ಬಿಡ್ರಿ, ಇಟ್ಕಳ್ರಿ" ಎಂದಳು. ತೊಟ್ಟಿಯ ತಳಕ್ಕೆ ಜಲ್ಲಿ ಬೇಕೆಂದು ನಾನು ಯೋಚಿಸುತ್ತಿದ್ದರೆ, ತಾನು ಆರಿಸಿ ತೆಗೆದ ಕಲ್ಲಿನ ಗಡಿಗೆಯನ್ನೇ ತಂದು ಸುರಿದಳು. ಇಡೀ ತಾಲ್ಲೂಕು ಉಗುಳಬೇಕಿದ್ದ ಕಲ್ಲು ನನ್ನ ಮೀನುಗಳಿಗೆ ನೆಲವಾಯಿತು. ಅದರ ಮೇಲೆ ಹೊನ್ನಾಳಿಯ ಐದು ಕಲ್ಲು ಜೋಡಿಸಿದೆ. ಅದರಲ್ಲಿ ಒಂದು ಕರಿ ಕಲ್ಲಿಗೆ ಮೂರು ಬಿಳಿ ಗೆರೆ ಇತ್ತು, ವಿಭೂತಿ ಬಳಿದ ಹಣೆಯ ಹಾಗೆ. ಅಜ್ಜಿ ಅದಕ್ಕೆ ಅಯ್ಯನೋರು ಎಂದು ಹೆಸರಿಟ್ಟಳು. "ಅಯ್ಯನೋರ ಮುಂದೆ ಹೇಲ್ತಾವಲ್ರೀ ನಿಮ್ಮ ಮೀನು" ಎಂದು ಆಗಾಗ ದೂರು ಹೇಳುತ್ತಿದ್ದಳು.

ತೊಟ್ಟಿ ಮೊದಲು ನನ್ನ ಕೋಣೆಯಲ್ಲಿತ್ತು. ಕೋಣೆಗೆ ಇದ್ದ ಕಿಟಕಿಯಲ್ಲಿ ಬೆಕ್ಕು ಕೂಡ ಕಷ್ಟಪಟ್ಟು ನುಗ್ಗಬೇಕು. ಹದಿನೈದು ದಿನಕ್ಕೆ ಹೈಡ್ರಿಲ್ಲಾ ಬಿಳಿಚಿಕೊಂಡಿತು, ನೀರುಹುಲ್ಲಿನ ತುದಿ ಕೊಳೆಯತೊಡಗಿತು. ಬೆಳಕಿನಲ್ಲಿ ಗಿಡ ಹೇಗೆ ಆಹಾರ ತಯಾರಿಸುತ್ತದೆ ಎಂಬುದನ್ನು ಒಂಬತ್ತನೇ ತರಗತಿಗೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದ ನಾನು, ಮನೆಗೆ ಬಂದು ಗಿಡಗಳನ್ನು ಉಪವಾಸ ಕೆಡವುತ್ತಿದ್ದೆ. ಬೆಳಕು ಎಷ್ಟು ಕಡಿಮೆ ಬೀಳುತ್ತಿದೆ ಎಂದು ತಿಳಿಯಲು ಉಪಾಯವಿತ್ತು. ಹೈಡ್ರಿಲ್ಲಾದ ಕತ್ತರಿಸಿದ ತುದಿಯಿಂದ ಬೆಳಕಿಗೆ ತಕ್ಕಂತೆ ಗುಳ್ಳೆ ಏಳುತ್ತವೆ. ಕೈಗಡಿಯಾರ ಹಿಡಿದು ನಿಮಿಷಕ್ಕೆ ಎಷ್ಟು ಎಂದು ಎಣಿಸಲು ಕೂತೆ. ಒಂದು ಗುಳ್ಳೆ ಬಂತು. ಎರಡನೆಯದಕ್ಕೆ ಕಾಯುವಷ್ಟರಲ್ಲಿ ಅಜ್ಜಿ ಊಟಕ್ಕೆ ಕರೆದಳು.

ನೂರು ಕ್ಯಾಂಡಲ್ ಬಲ್ಬು ತಂದು, ತಗಡಿನ ಡಬ್ಬಿಯ ಮುಚ್ಚಳ ಕೊಡೆಯ ಹಾಗೆ ಕಟ್ಟಿ, ನೀರಿಗೆ ಇನ್ನೇನು ತಾಗುವಷ್ಟು ಕೆಳಗೆ ಇಳಿಬಿಟ್ಟೆ. ಸಂಜೆಯಾಗುವಷ್ಟರಲ್ಲಿ ನೀರು ಮೀಯಲು ಹದವಾಗಿ ಕಾದಿತ್ತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಗಾಬರಿಯಲ್ಲಿ ಒಂದು ಚೊಂಬು ತಣ್ಣೀರು ಸುರಿದೆ, ಹನಿ ಸಿಡಿದು ಬಲ್ಬು ಢಬ್ ಎಂದು ಒಡೆಯಿತು. ಅಜ್ಜಿ ಬಾಗಿಲಲ್ಲಿ ನಿಂತು, "ನೀವೇ ಅಂದ್ರಿ ಬೇಯ್ಸಾಕಲ್ಲ ಅಂತ" ಎಂದಳು.

ಆಗ ನನ್ನ ಕಣ್ಣು ಬಿದ್ದದ್ದು ನಡುಮನೆಯ ಬೆಳಕಿಂಡಿಯ ಮೇಲೆ. ಅದು ಮಣ್ಣಿನ ಮಾಳಿಗೆಯ ಮನೆ. ಗೋಡೆ ಮೊಳ ದಪ್ಪ, ಒಳಗೆಲ್ಲ ತಂಪು, ಕತ್ತಲು. ನಡುಮನೆಯ ಮಾಳಿಗೆಯಲ್ಲಿ ಮಾತ್ರ ಒಂದು ಪರಾತದಗಲದ ತೂತು, ಮಳೆ ಬಂದರೆ ಮುಚ್ಚಲು ಮೇಲೊಂದು ತಗಡು. ಅದರಿಂದಿಳಿದ ಬಿಸಿಲು ಬೆಳಿಗ್ಗೆ ಪಡುವಣ ಗೋಡೆಯ ಗಡಿಗೆಗಳ ಮೇಲೆ ಬೀಳುತ್ತಿತ್ತು, ಮಧ್ಯಾಹ್ನ ಒರಳ ಪಕ್ಕ, ಸಂಜೆ ಮೂಡಲ ಗೋಡೆಗೆ. ಅಜ್ಜಿ ಮೊರ ಹಿಡಿದು ಆ ಬಿಸಿಲಿನ ಬಿಲ್ಲೆಯ ಹಿಂದೆ ದಿನವಿಡೀ ಸರಿಯುತ್ತಿದ್ದಳು. ಬೇಳೆಯ ಕಲ್ಲು ಕರಿದು, ಯಾವ ಬೆಳಕಿಗೂ ಸಿಗುತ್ತದೆ. ಅಕ್ಕಿಯ ಕಲ್ಲು ಅಕ್ಕಿಯಷ್ಟೇ ಬೆಳ್ಳಗೆ, ಅಕ್ಕಿಯಷ್ಟೇ ಸಣ್ಣಗೆ. ಅದು ಮಿನುಗುವುದು ನೆತ್ತಿ ಬಿಸಿಲಿಗೆ ಮಾತ್ರ. ಹಾಗಾಗಿ ಬೆಳಿಗ್ಗೆ ಬೇಳೆ, ಮಧ್ಯಾಹ್ನ ಒರಳ ಪಕ್ಕ ಅಕ್ಕಿ, ಸಂಜೆ ಮತ್ತೆ ಬೇಳೆ. ಹೊರಗೆ ಕಟ್ಟೆಯ ಮೇಲೆ ಕೂರಬಾರದೇಕೆ ಎಂದು ಒಮ್ಮೆ ಕೇಳಿದ್ದೆ. "ಕೋಳಿ ಬರ್ತಾವೆ, ಗುಬ್ಬಿ ಬರ್ತಾವೆ, ಆಮ್ಯಾಲೆ ಓಣಿ ಹೆಂಗಸ್ರು ಬರ್ತಾರೆ. ಕೋಳೀನಾದ್ರೂ ಓಡಿಸಬೋದು" ಎಂದಿದ್ದಳು. ಕೂಲಿಗೆ ಕಾಳು ಆರಿಸುವುದನ್ನು ಓಣಿಗೆಲ್ಲ ತೋರಿಸುವುದು ಅವಳಿಗೆ ಬೇಡವಾಗಿತ್ತು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಮಗಳ ಮಗುವಿನ ನಾಮಕರಣಕ್ಕೆಂದು ಅಜ್ಜಿ ಬಿಳಿಚೋಡಿಗೆ ಹೋದಳು. ನಾಲ್ಕು ದಿನ ಮನೆ ನನ್ನದು. ಶಾಲೆಯ ಜವಾನನನ್ನು ಕರೆದು, ನೀರು ಖಾಲಿ ಮಾಡಿ, ತೊಟ್ಟಿಯನ್ನು ಎತ್ತಿಸಿ ಒರಳ ಪಕ್ಕ ಎರಡು ಚಪ್ಪಡಿಯ ಮೇಲೆ ಇಡಿಸಿದೆ. ಸರಿಯಾಗಿ ಮಧ್ಯಾಹ್ನದ ಬಿಸಿಲು ಬೀಳುವ ಜಾಗ. ನೀರು ತುಂಬಿ, ಗಿಡ ನೆಟ್ಟು ಕಾದೆ. ಬಿಸಿಲು ತೊಟ್ಟಿಗಿಳಿದ ಕೂಡಲೇ ಹೈಡ್ರಿಲ್ಲಾದ ತುದಿಯಿಂದ ಗುಳ್ಳೆಗಳು ಸಾಲುಗಟ್ಟಿ ಎದ್ದವು. ಎಣಿಸಲು ಹೋಗಿ ಸೋತೆ. ಅಷ್ಟು ಸಂತೋಷ ನನಗೆ ಕೆಲಸದ ಆರ್ಡರ್ ಬಂದಾಗಲೂ ಆಗಿರಲಿಲ್ಲ.

ಅಜ್ಜಿ ವಾಪಸು ಬಂದು, ಗಂಟು ಕೆಳಗಿಟ್ಟು, ತೊಟ್ಟಿ ನೋಡಿದಳು. ನಾನು ಜಗಳಕ್ಕೆ ಸಜ್ಜಾಗಿ ಮೂರು ಕಾರಣ ಬಾಯಿಪಾಠ ಮಾಡಿಕೊಂಡಿದ್ದೆ. ಅವಳು, "ಇರ್ಲಿ ಬಿಡ್ರಿ, ಅವಕ್ಕೂ ಬಿಸ್ಲು ಬೇಕಲ್ಲ" ಎಂದು ಮೊರ ತೆಗೆದುಕೊಂಡು ತೊಟ್ಟಿಯ ಪಕ್ಕದ ಮಬ್ಬಿನಲ್ಲಿ ಕೂತಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ನನ್ನದೂ ಹಾಗೇ ಆಯಿತು. ಆದರೆ ಗುಳ್ಳೆ ಬರುತ್ತಿದ್ದವು. ಹುಳ್ಳುಳ್ಳಗಿನ ಮನಸ್ಸಿಗೆ ಗುಳ್ಳೆ ತೋರಿಸಿ ಸಮಾಧಾನ ಮಾಡಿದೆ.

ಮೂರು ವಾರ ಕಳೆಯಿತು. ನನ್ನ ಊಟ ಅಜ್ಜಿಯ ಜೊತೆಗೇ. ಒಂದು ದಿನ ಅನ್ನದಲ್ಲಿ ಕಲ್ಲು ಸಿಕ್ಕಿತು. ಮರುದಿನ ಎರಡು. ತಮಾಷೆಗೆ, "ಮಕಕ್ಕೆ ಹೊಡೀಲೇನಜ್ಜಿ?" ಎಂದೆ. ಅವಳು ನಗಲಿಲ್ಲ. ತಟ್ಟೆಯ ಅನ್ನವನ್ನು ಬೆರಳಲ್ಲಿ ಹರಡಿ ಹರಡಿ ನೋಡಿದಳು. ಅವಳು ಈಗ ಕಲ್ಲನ್ನು ಕಣ್ಣಿನಿಂದ ಆರಿಸುತ್ತಿಲ್ಲ, ಬೆರಳಿನಿಂದ ಆರಿಸುತ್ತಿದ್ದಾಳೆ ಎಂಬುದು ಆಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಾನು ಮೀನಿಗೆ ಅನ್ನದ ಅಗುಳು ಹಾಕಲು ಎದ್ದು ಹೋದೆ.

ಆ ವಾರವೇ ಕಿರಾಣಿ ಅಂಗಡಿಯ ಯಜಮಾನ ಮನೆಗೆ ಬಂದ. ದಪ್ಪ ಮನುಷ್ಯ, ಮೆತ್ತನೆಯ ಮಾತು. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದ. ಒಳಗೆ ಒಂದು ಬಿಳಿ ಕಲ್ಲು, ಅದರ ಪಕ್ಕ ಅರ್ಧ ಹಲ್ಲು. ಯಾವನೋ ಗಿರಾಕಿಯದು.

"ನೀನೇ ಹೇಳಿದ್ಯಲ್ಲಜ್ಜಿ, ತಂದು ಮಕಕ್ಕೆ ಹೊಡೀರಿ ಅಂತ" ಎಂದ. ಹೊಡೆಯಲಿಲ್ಲ. ಪೊಟ್ಟಣವನ್ನು ಹೊಸ್ತಿಲ ಮೇಲೆ ಮೆಲ್ಲಗೆ ಇಟ್ಟ. "ಬರೋ ವಾರದ್ದು ಬ್ಯಾರೇರಿಗೆ ಹೇಳೀನಿ. ನಿನಗೂ ವಯಸ್ಸಾತು." ಹೊಡೆದಿದ್ದರೆ ಅಜ್ಜಿ ಅವನ ಏಳು ತಲೆಮಾರನ್ನು ಜಾಲಾಡುತ್ತಿದ್ದಳು. ಮೆಲ್ಲಗೆ ಇಟ್ಟವನನ್ನು ಬೈಯುವುದು ಹೇಗೆ? ಅವನು ಹೋದ ಮೇಲೆ ಖಾಲಿ ಮೊರವನ್ನು ಎರಡು ಸಲ ಕೊಡವಿ ಗೋಡೆಗೆ ಒರಗಿಸಿದಳು. ನಡುಹಗಲಿಗೆ ಆ ಮೊರ ಗೋಡೆಗೆ ಒರಗಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನನಗೆ ನಾಚಿಕೆಯಾಯಿತು. ಅವಳ ಅನ್ನದ ಬೆಳಕನ್ನು ಕದ್ದು ಸೊಳ್ಳೆ ತಿನ್ನುವ ಮೀನಿಗೆ ಕೊಟ್ಟಿದ್ದೆ. ಹೋಗಲಿ, ಕದ್ದದ್ದು ದಕ್ಕಿತೇ? ಅದೂ ಇಲ್ಲ. ನೆತ್ತಿ ಬಿಸಿಲು ನೇರ ಬಿದ್ದು ಬಿದ್ದು ತೊಟ್ಟಿಗೆಲ್ಲ ಪಾಚಿ ಹತ್ತಿ, ನೀರು ಸೊಪ್ಪಿನ ಸಾರಿನಷ್ಟು ಹಸಿರಾಗಿತ್ತು. ಮೀನು ಇವೆ ಎಂದು ನಂಬಿಕೆಯ ಮೇಲೆ ಅನ್ನ ಹಾಕುತ್ತಿದ್ದೆ. ಗಿಡಕ್ಕೆ ಬೆಳಕು ಕಡಿಮೆಯಾದರೆ ಸಾಯುತ್ತದೆ, ನೇರ ಬಿಸಿಲು ಸುರಿದರೆ ಪಾಚಿಯೇ ಎಲ್ಲ ತಿನ್ನುತ್ತದೆ. ಇದನ್ನು ನನಗೆ ಯಾವ ಕಾಲೇಜೂ ಕಲಿಸಿರಲಿಲ್ಲ.

ಅಜ್ಜಿಗೆ ಹೇಳಿದೆ. "ತಪ್ಪು ನಂದೇ ಅಜ್ಜಿ. ನಿನ್ನ ಬೆಳಕು ನಾನು ತಗಂಡೆ."

"ಅದು ನನಗೇನು ಗೊತ್ತಿಲ್ವಾ?" ಎಂದಳು.

"ಮತ್ತೆ ಬೈಯಾಕೆ ಏನಾಗಿತ್ತು?"

"ಅದರ ಮುಂದೆ ಕೂತಾಗ ಒಂದೇ ನೀವು ನಗೋದು. ಮಿಕ್ಕಿದ್ದೊತ್ತು ಸತ್ತೋರ ಮನೆಗೆ ಬಂದಂಗಿರ್ತೀರಿ."

ಅವತ್ತು ಅತ್ತೆ, ಈ ಸಲ ಹೊಳೆಗಾಗಿ ಅಲ್ಲ.

ಮರುದಿನ ಜವಾನನನ್ನು ಮತ್ತೆ ಕರೆದೆ. ತೊಟ್ಟಿಯನ್ನು ಒರಳ ಪಕ್ಕದಿಂದ ಎತ್ತಿಸಿ ಕಂಬದ ಬುಡಕ್ಕೆ ಇಡಿಸಿದೆ. ಭಾನುವಾರ ದಾವಣಗೆರೆಗೆ ಹೋಗಿ ಟ್ಯೂಬ್‌ಲೈಟು, ಚೋಕು, ಸ್ಟಾರ್ಟರು ತಂದೆ. ಟ್ಯೂಬು ನಾಲ್ಕಡಿ ಉದ್ದ, ತೊಟ್ಟಿ ಎರಡಡಿ. ಚಿಕ್ಕದು ಕೊಡಿ ಎಂದರೆ ಅಂಗಡಿಯವನು, "ತೊಟ್ಟೀನೇ ಉದ್ದ ಮಾಡ್ಸ್ರಿ" ಎಂದ. ಬಸ್ಸಿನಲ್ಲಿ ಅದನ್ನು ನೇರ ನಿಲ್ಲಿಸಿ ಹಿಡಿದುಕೊಂಡು ಬರುವಾಗಲೂ, ಉಳಿದ ಎರಡಡಿ ಬೆಳಕು ದಂಡವಲ್ಲ ಎಂಬುದು, ಹೊನ್ನಾಳಿ ಹೊಳೆಯಾಣೆ, ನನಗೆ ಹೊಳೆದಿರಲಿಲ್ಲ. ಮನೆಗೆ ತಂದು, ತೊಲೆಗೆ ಹಗ್ಗ ಕಟ್ಟಿ, ನೀರಿಗೆ ಒಂದು ಗೇಣು ಮೇಲೆ ತೂಗುಬಿಟ್ಟಾಗ ಕಂಡಿತು. ಅರ್ಧ ಟ್ಯೂಬು ತೊಟ್ಟಿಯ ಮೇಲೆ, ಅರ್ಧ ಕಂಬದ ಈಚೆ ಖಾಲಿ ನೆಲದ ಮೇಲೆ. ಅಜ್ಜಿಯ ಮೊರ ತಂದು ಆ ಖಾಲಿ ನೆಲದಲ್ಲಿ ಇಟ್ಟೆ.

ಬೆಳಕು ಮಾಳಿಗೆಗೆ ಹತ್ತಿ ಹಾಳಾಗಬಾರದಲ್ಲ. ಅಂಗಡಿಯ ಯಜಮಾನನ ಹತ್ತಿರ ಹೋಗಿ, ಚಹಾಪುಡಿ ಪೆಟ್ಟಿಗೆಯೊಳಗಿನ ಬೆಳ್ಳಿ ಕಾಗದ ಕೇಳಿದೆ. ಯಾಕೆ ಎಂದ. ಎಲ್ಲ ಹೇಳಿದೆ, ಕದ್ದದ್ದನ್ನೂ ಸೇರಿಸಿ. ಹೇಳಿ, "ಒಂದೇ ಒಂದು ಮೂಟೆ ಕೊಟ್ಟು ನೋಡ್ರಿ" ಎಂದೆ.

"ಮೀನಿಗೆ ಅಂತ ಅಜ್ಜಿ ಬೆಳಕು ಕದ್ರಾ?" ಎಂದು ಗಲ್ಲಾಪೆಟ್ಟಿಗೆಯ ಮೇಲೆ ಬಿದ್ದು ಬಿದ್ದು ನಕ್ಕ. ಸಂಜೆಯೊಳಗೆ ಇಡೀ ಜಗಳೂರು ನಕ್ಕಿತು. ಒಂಬತ್ತನೇ ತರಗತಿಯಲ್ಲಿ ನಾನು ಬೆಳಕು ಎಂಬ ಪದ ಹೇಳುವಂತಿರಲಿಲ್ಲ. ಆದರೆ ಅರ್ಧ ಮೂಟೆ ಅಕ್ಕಿ ಬಂತು.

ಬೆಳ್ಳಿ ಕಾಗದವನ್ನು ತಗಡಿಗೆ ಅಂಟಿಸಿ ಟ್ಯೂಬಿನ ಮೇಲೆ ಚಾವಣಿಯ ಹಾಗೆ ಕಟ್ಟಿದೆ. ಸ್ವಿಚ್ ಹಾಕಿದಾಗ ಟ್ಯೂಬು ನಾಲ್ಕು ಸಲ ಕಣ್ಣು ಹೊಡೆದು ಹೊತ್ತಿಕೊಂಡಿತು. ಅಜ್ಜಿ ಮೊದಲು ಅದಕ್ಕೆ ಕೈ ಮುಗಿದಳು, ದೀಪ ಹೊತ್ತಿದಾಗ ಮುಗಿಯುವ ಹಾಗೆ. ಆಮೇಲೆ ಮೊರದ ಮೇಲೆ ಬಗ್ಗಿ ಕೂತಳು. ಬೆರಳು ಸುಮ್ಮನಿದ್ದವು, ಕಣ್ಣು ಓಡುತ್ತಿತ್ತು. ಆಮೇಲೆ ಚಿಟಿಕೆಯಲ್ಲಿ ಒಂದು ಕಲ್ಲು ಎತ್ತಿ, ಇನ್ನೊಂದು ಎತ್ತಿ, ನೋಡದೆಯೇ ತೊಟ್ಟಿಗೆ ಎಸೆದಳು. ಎಸೆತ ತಪ್ಪಲಿಲ್ಲ.

ಎಂಟು ದಿನಕ್ಕೆ ನೀರು ತಿಳಿಯಾಯಿತು. ಹೈಡ್ರಿಲ್ಲಾ ಚಿಗುರಿತು, ನೀರುಹುಲ್ಲು ಬುಡದಲ್ಲಿ ಮರಿ ಹಾಕಿತು, ಗುಳ್ಳೆಗಳು ಅವಸರವಿಲ್ಲದೆ ಒಂದರ ಹಿಂದೊಂದು ಎದ್ದವು. ಅರ್ಧ ಮೂಟೆಯ ಅಕ್ಕಿಯಲ್ಲಿ ಯಾರ ಹಲ್ಲೂ ಹೋಗಲಿಲ್ಲ. ಯಜಮಾನ ಮುಂದಿನ ವಾರ ಎರಡು ಮೂಟೆ ಕಳಿಸಿದ. ಹೊತ್ತು ತಂದ ಹಮಾಲನಿಗೆ ಅಜ್ಜಿ, ಓಣಿಗೆ ಕೇಳುವ ಹಾಗೆ, ಕಲ್ಲು ಸಿಕ್ಕರೆ ಮಕಕ್ಕೆ ಹೊಡೆಯಲು ಹೇಳಿ ಕಳಿಸಿದಳು.

ಸ್ವಿಚ್ಚಿನ ಅಧಿಕಾರ ಅಜ್ಜಿಯದಾಯಿತು. ಗಿಡಕ್ಕೆ ಒಂಬತ್ತು ತಾಸು ಸಾಕು, ಹೆಚ್ಚಾದರೆ ಪಾಚಿ ಎಂದು ನಾನು ಲೆಕ್ಕ ಹೇಳಿದೆ. ಮುಸ್ಸಂಜೆ ಹೊತ್ತಿನಲ್ಲಿ ದೀಪ ತೆಗೆಯುವಂತಿಲ್ಲ, ಲಕ್ಷ್ಮಿ ಹೊರಗೆ ಹೋಗುತ್ತಾಳೆ ಎಂದು ಅವಳು ಲೆಕ್ಕ ಹೇಳಿದಳು. ಕೊನೆಗೆ ಲಕ್ಷ್ಮಿಯ ಮಾತೇ ನಡೆದು, ಬೆಳಿಗ್ಗೆ ತಡವಾಗಿ ಹಾಕುವುದೆಂದು ರಾಜಿಯಾಯಿತು. ಮಧ್ಯಾಹ್ನ ಅವಳು ಒರಳ ಪಕ್ಕದ ತನ್ನ ಬಿಸಿಲಿಗೆ ಹೋಗುತ್ತಿದ್ದಳು. ಕರೆಂಟ್ ಹೋದ ಸಂಜೆ ಮೀನಿಗೂ ಅಜ್ಜಿಗೂ ರಜೆ.

ನಾಲ್ಕು ವರ್ಷ ಹೀಗೇ ನಡೆಯಿತು. ಎಂಬತ್ತರ ದಶಕ ಶುರುವಾದ ಮೇಲೆ ನನಗೆ ನ್ಯಾಮತಿಗೆ ವರ್ಗವಾಯಿತು. ಹೊನ್ನಾಳಿ ಪಕ್ಕದಲ್ಲೇ, ಹೊಳೆ ಹತ್ತಿರ. ಕಾಯ್ದು ಕಾಯ್ದು ಸಿಕ್ಕ ವರ್ಗ. ಆರ್ಡರ್ ಕೈಗೆ ಬಂದಾಗ ಹಿಗ್ಗಬೇಕಾಗಿತ್ತು, ಅದನ್ನು ಮಡಚಿಟ್ಟು ತೊಟ್ಟಿಯ ಮುಂದೆ ಹೋಗಿ ಕೂತೆ.

ತೊಟ್ಟಿ, ದೀಪ ಎರಡೂ ಇಲ್ಲೇ ಇರಲಿ ಎಂದೆ. ಅಜ್ಜಿ ಒಪ್ಪಲಿಲ್ಲ. "ದೀಪ ಬಿಟ್ಟು ಮೀನು ಒಯ್ರಿ" ಎಂದಳು. ಆಮೇಲೆ ತೊಟ್ಟಿಯೊಳಗೆ ಇಣುಕಿ, "ಕತ್ಲಾಗೆ ಅವೇನು ಮಾಡ್ತಾವೆ, ಇಲ್ಲೇ ಬಿಡ್ರಿ" ಎಂದಳು. ಹೊರಡುವ ದಿನ ಬಟ್ಟೆಯ ಚೀಲದಲ್ಲಿ ಅಕ್ಕಿ ಕಟ್ಟಿ ಕೈಗಿಟ್ಟಳು. "ಆರಿಸೀನಿ. ಕಲ್ಲು ಸಿಕ್ರೆ ಗೊತ್ತಲ್ಲ" ಎಂದಳು. ಬಸ್ ನಿಲ್ದಾಣದವರೆಗೆ ಬರಲಿಲ್ಲ. ಕರೆಂಟ್ ಇದೆ, ಹಾಳಾಗುತ್ತದೆ ಎಂದು ಒಳಗೆ ಹೋದಳು.

ನ್ಯಾಮತಿಯಲ್ಲಿ ಮೊದಲ ದಿನ ಆ ಅಕ್ಕಿಯ ಅನ್ನ ಮಾಡಿಕೊಂಡು ನಿಧಾನ ಅಗಿದೆ. ಒಂದು ಕಲ್ಲೂ ಇಲ್ಲ. ಮರುದಿನವೂ ಇಲ್ಲ. ಆಮೇಲೆ ಆ ಅಕ್ಕಿ ಮುಗಿದುಹೋಗುತ್ತದಲ್ಲ ಎಂದು ಹೆದರಿ, ಚೀಲವನ್ನು ಪಕ್ಕಕ್ಕಿಟ್ಟು ಅಂಗಡಿಯ ಅಕ್ಕಿ ತಿಂದೆ. ಕಲ್ಲು ಕಡಿದು ಕಡಿದು ದವಡೆ ನೊಂದಾಗ ಮಾತ್ರ ಅಜ್ಜಿಯ ಅಕ್ಕಿಯಲ್ಲಿ ಒಂದು ಹಿಡಿ ತೆಗೆಯುತ್ತಿದ್ದೆ. ಹಾಗಾಗಿ ಚೀಲದ ತಳ ಮುಟ್ಟಲು ತಿಂಗಳ ಮೇಲಾಯಿತು.

ಕೊನೆಯ ಹಿಡಿಗೆ ಕೈ ಹಾಕಿದಾಗ ಬೆರಳಿಗೆ ಏನೋ ನುಣುಪಾಗಿ ಸಿಕ್ಕಿತು. ನೆಲ್ಲಿಕಾಯಿ ಗಾತ್ರದ ಕಲ್ಲು. ತೆಗೆದು ನೋಡಿದರೆ ಕರಿ ಮೈ, ಮೂರು ಬಿಳಿ ಗೆರೆ. ಅಯ್ಯನೋರು.

ಭಾನುವಾರ ಮೊದಲ ಬಸ್ಸು ಹಿಡಿದೆ. ಹೊನ್ನಾಳಿಯಲ್ಲಿ ಇಳಿಯಲಿಲ್ಲ, ಹೊಳೆ ನೋಡಲಿಲ್ಲ. ಜಗಳೂರು ಮುಟ್ಟಿದಾಗ ಬಿಸಿಲು ಒರಳು ದಾಟಿತ್ತು. ಟ್ಯೂಬ್‌ಲೈಟಿನ ಕೆಳಗೆ ಅಜ್ಜಿ ಮೊರ ಹಿಡಿದು ಕೂತಿದ್ದಳು, ಅವಳ ಪಕ್ಕದಲ್ಲಿ ಗುಳ್ಳೆ ಏಳುತ್ತಿದ್ದವು. ಕಲ್ಲನ್ನು ಮುಂದೆ ಹಿಡಿದು, "ಮಕ ತೋರ್ಸಜ್ಜಿ, ಹೊಡೀಬೇಕು" ಎಂದೆ.

ಅವಳು ಮೊರದಿಂದ ತಲೆ ಎತ್ತಲಿಲ್ಲ.

"ಹದಿನೈದು ದಿನಕ್ಕೆ ಆಗೋವಷ್ಟು ಅಕ್ಕಿ ಕಟ್ಟಿದ್ದೆ" ಎಂದಳು. "ಇಷ್ಟು ದಿನ ಏನು ತಿಂದೆ? ಉಪಾಸ ಇದ್ದೇನು?"